ಮೊಡವೆ ಗುಳಿಗಳಿಗೆ ಲೇಸರ್: ಬಿಸಿಲಿನ ಲೆಕ್ಕ ಮೊದಲಿರಲಿ

ಧನುರ್ಮಾಸದಲ್ಲಿ ಗುಜರಾತಿಗರು ಮದುವೆ ಇಟ್ಟುಕೊಳ್ಳುವುದಿಲ್ಲ. ಜನವರಿ 14ರ ಉತ್ತರಾಯಣ ಕಳೆಯಿತೆಂದರೆ ಮತ್ತೆ ವಾಲಗದ ಸದ್ದು. ವಡೋದರಾದ ಗೋರ್ವಾದಲ್ಲಿ ಮದುವೆ ಗೊತ್ತಾದ ಹುಡುಗಿಗೆ, ಕೆನ್ನೆಯ ಮೊಡವೆ ಗುಳಿಗಳಿಗೆ ಲೇಸರ್ ಮಾಡಿಸಲು ಡಿಸೆಂಬರ್ ಸರಿಯಾದ ತಿಂಗಳು ಎನಿಸುವುದು ಸಹಜ. ಆದರೆ ನಡುವೆ ಉತ್ತರಾಯಣವಿದೆ. ಅಂದು ಬೆಳಗಿನಿಂದ ಸಂಜೆಯವರೆಗೆ ಊರಿಗೆ ಊರೇ ತಾರಸಿ ಹತ್ತಿ, ಗಾಳಿಪಟದ ಕಡೆಗೆ ಮುಖವೆತ್ತಿ ನಿಂತಿರುತ್ತದೆ. ಲೇಸರ್ ಆದ ಎಳೆಯ ಚರ್ಮಕ್ಕೆ ಆ ಬಿಸಿಲು ಬಿದ್ದರೆ ಗುಳಿಯ ಜತೆಗೆ ಕಪ್ಪು ಕಲೆಯೂ ಸೇರಿಕೊಳ್ಳಬಹುದು.

ನಮ್ಮ ಕಂದು ಚರ್ಮದ ಸ್ವಭಾವವೇ ಹಾಗೆ. ಅದರಲ್ಲಿ ಬಣ್ಣ ಕೊಡುವ ಮೆಲನಿನ್ ಹೆಚ್ಚು. ಸಣ್ಣ ಗಾಯವಾದರೂ ಆ ಜಾಗ ಕಪ್ಪಾಗಬಹುದು. ಬಿಳಿಯರ ಚರ್ಮಕ್ಕೆ ಹೊಂದುವ ಲೇಸರ್ ಶಕ್ತಿಯನ್ನು ನಮಗೆ ಹಾಗೆಯೇ ಬಳಸಿದರೆ ಅಪಾಯ. ಯಂತ್ರ ಎಷ್ಟು ಹೊಸದು ಎಂಬುದಕ್ಕಿಂತ, ಶಕ್ತಿಯನ್ನು ಎಲ್ಲಿ ತಗ್ಗಿಸಬೇಕೆಂದು ಬಲ್ಲ ವೈದ್ಯರ ಕೈ ಮುಖ್ಯ ಎಂದು ನಾನು ಒತ್ತಿ ಹೇಳುತ್ತೇನೆ.

ಗುಳಿಗಳಿಗೆ ಹೆಚ್ಚಾಗಿ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಮೊದಮೊದಲು ಈ ಲೇಸರಿನಿಂದ ಮುಖದ ಮೇಲ್ಪದರವನ್ನೇ ಪೂರ್ತಿ ಸುಟ್ಟು ತೆಗೆಯುತ್ತಿದ್ದರು. ಗಾಯ ಮಾಯಲು ವಾರಗಟ್ಟಲೆ ಬೇಕಿತ್ತು. 2004ರಲ್ಲಿ ಡೀಟರ್ ಮಾನ್‌ಸ್ಟೈನ್, ರಾಕ್ಸ್ ಆ್ಯಂಡರ್ಸನ್ ಮತ್ತು ಸಂಗಡಿಗರು ಬೇರೆ ದಾರಿ ತೋರಿಸಿದರು: ಚುಕ್ಕಿ ಚುಕ್ಕಿಯಾಗಿ ಮಾತ್ರ ಶಾಖ ಕೊಟ್ಟು, ನಡುವಿನ ಚರ್ಮವನ್ನು ಮುಟ್ಟದೆ ಬಿಡುವುದು. ಆ ಉಳಿದ ಚರ್ಮವೇ ಪಕ್ಕದ ಗಾಯವನ್ನು ಬೇಗ ಮಾಯಿಸುತ್ತದೆ. ಒಳಗೆ ಹೊಸ ಕೊಲಾಜೆನ್ ಕಟ್ಟಿಕೊಂಡು ಗುಳಿ ಮೇಲೇಳುತ್ತದೆ. ಇದೇ ಫ್ರ್ಯಾಕ್ಷನಲ್ ಲೇಸರ್.

ಚಿಕಿತ್ಸೆಯ ದಿನ ಮೊದಲು ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕೂರಿಸುತ್ತಾರೆ. ಕಣ್ಣಿಗೆ ರಕ್ಷಾಕವಚ. ಲೇಸರ್ ಚುಚ್ಚಿದಂತೆಲ್ಲ ಕೂದಲು ಸುಟ್ಟ ವಾಸನೆ ಬರುತ್ತದೆ. ಅಂದು ಮುಖ ಕೆಂಪಾಗಿ ಉರಿಯುತ್ತದೆ, ಮರುದಿನ ಊದಿಕೊಳ್ಳುತ್ತದೆ. ಆಮೇಲೆ ರವೆಯಷ್ಟು ಸಣ್ಣ ಕಂದು ಹಕ್ಕಳೆಗಳು. ಅವನ್ನು ಕೆರೆಯಬಾರದು, ವಾರದೊಳಗೆ ತಾವೇ ಉದುರುತ್ತವೆ. ಹೀಗೆ ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆಯಂತೆ ಮೂರು ನಾಲ್ಕು ಸಲವಾದರೂ ಬೇಕು. ಪೂರ್ತಿ ಫಲ ಕಾಣಲು ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ. ಮದುವೆಗೆ ತಿಂಗಳಿರುವಾಗ ಶುರು ಮಾಡುವ ಚಿಕಿತ್ಸೆ ಇದಲ್ಲ.

ಎಲ್ಲ ಗುಳಿಗೂ ಲೇಸರೇ ಮದ್ದಲ್ಲ. ಸೂಜಿ ಚುಚ್ಚಿದಂತೆ ಕಿರಿದಾಗಿ, ಆಳವಾಗಿರುವ ಗುಳಿಗೆ ಕಡ್ಡಿಯ ಮೊನೆಯಿಂದ ಟ್ರೈಕ್ಲೋರೋಅಸಿಟಿಕ್ ಆಮ್ಲ ಮುಟ್ಟಿಸುತ್ತಾರೆ. ಅಲೆಯಂತೆ ತಗ್ಗಾದ ಗುಳಿಯನ್ನು ಒಳಗಿನ ನಾರುಗಳು ಕೆಳಕ್ಕೆ ಎಳೆದು ಹಿಡಿದಿರುತ್ತವೆ. ಸೂಜಿಯಿಂದ ಅವನ್ನು ಬಿಡಿಸಬೇಕು. ಬರೀ ಕಪ್ಪು ಕಲೆಯಾಗಿದ್ದರೆ ಕ್ರೀಮು, ಸನ್‌ಸ್ಕ್ರೀನು, ಕಾಯುವ ತಾಳ್ಮೆ ಇಷ್ಟೇ ಸಾಕಾಗಬಹುದು. ಇನ್ನೂ ಹೊಸ ಮೊಡವೆ ಏಳುತ್ತಿದ್ದರೆ ಮೊದಲು ಅದನ್ನು ಹತೋಟಿಗೆ ತರಬೇಕು.

‘ಗುಳಿ ಸಂಪೂರ್ಣ ಮಾಯ’ ಎನ್ನುವ ಜಾಹೀರಾತನ್ನು ನಂಬಬೇಡಿ. ಗುಳಿಯ ಆಳ ಕಡಿಮೆಯಾಗುತ್ತದೆ, ಎದ್ದು ಕಾಣುವುದು ತಗ್ಗುತ್ತದೆ. ಪೂರ್ತಿ ಅಳಿಯುವುದು ಅಪರೂಪ. ಲೇಸರ್ ಹಿಡಿಯುವವರು ಚರ್ಮರೋಗ ತಜ್ಞರೇ ಎಂದು ವಿಚಾರಿಸಿ. ಹಿಂದೆ ಗಾಯವಾದಲ್ಲಿ ಗಂಟುಗಟ್ಟಿದ್ದರೆ, ತುಟಿಯ ಸುತ್ತ ಹರ್ಪಿಸ್ ಗುಳ್ಳೆ ಎದ್ದಿದ್ದರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ಸ್ಕೂಟರ್ ಮೇಲೆ ಹೋಗುವಾಗ ವಡೋದರಾದ ಹೆಣ್ಣುಮಕ್ಕಳು ಮುಖಕ್ಕೆ ಬಿಗಿಯಾಗಿ ಸುತ್ತಿಕೊಳ್ಳುವ ದುಪಟ್ಟಾ ಒಳ್ಳೆಯದೇ, ಆದರೆ ಅದರೊಳಗೆ ಸನ್‌ಸ್ಕ್ರೀನೂ ಇರಬೇಕು. ಇನ್ನು ಲೇಸರ್ ಶುರು ಮಾಡುವುದಾದರೆ, ಗಾಳಿಪಟದ ಹಬ್ಬ ಮುಗಿದ ಮೇಲೆ, ಮುಂದಿನ ವರ್ಷದ ಮದುವೆಗೆ.