ದಂಡನಾಯಕ ಗಂಗರಾಜ ಬೇಡಿದ ವರ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸಾವನ್ನು ದಾಖಲಿಸುವ ಕಲ್ಲುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಹೊಯ್ಸಳ ವಿಷ್ಣುವರ್ಧನನ ಮಂತ್ರಿಯೂ ದಂಡನಾಯಕನೂ ಆಗಿದ್ದ ಗಂಗರಾಜ ತನ್ನ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮಿ, ಗುರು ಶುಭಚಂದ್ರದೇವ ಈ ಮೂವರಿಗೂ ಇಲ್ಲಿ ನಿಸಿದಿ, ಅಂದರೆ ಸಾವಿನ ನೆನಪಿನ ಕಲ್ಲು, ನಿಲ್ಲಿಸಿದ. ಗಂಗರಾಜನ ಸ್ಮಾರಕ ಮಾತ್ರ ಹಳೇಬೀಡಿನಲ್ಲಿದೆ. ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗೆಂದು ಅಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿ, ತಂದೆಯ ಬಿರುದನ್ನೇ ಇಟ್ಟು ದ್ರೋಹಘರಟ್ಟ ಜಿನಾಲಯವೆಂದು ಕರೆದ. ಪ್ರತಿಷ್ಠೆಯ ಶೇಷೆ, ಅಂದರೆ ಪ್ರಸಾದ, ಬಂಕಾಪುರದಲ್ಲಿದ್ದ ಅರಸ ವಿಷ್ಣುವರ್ಧನನ ಕೈಸೇರಿದಾಗ ಅವನಿಗೆ ಯುದ್ಧದಲ್ಲಿ ಗೆಲುವೂ ಸಿಕ್ಕಿತ್ತು, ಗಂಡುಮಗುವೂ ಹುಟ್ಟಿತ್ತು. ಆ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಸೇನಾನಿಯ ನೆನಪಿನ ಗುಡಿ ಹೀಗೆ ದೊರೆಯ ಗೆಲುವಿನ ಗುಡಿಯೂ ಆಯಿತು. ಆದ್ದರಿಂದ ಗಂಗರಾಜ ಎಂಥವನೆಂದು ತಿಳಿಯಬೇಕಾದರೆ ಹಳೇಬೀಡಿಗಿಂತ ಬೆಳಗೊಳದ ಚಿಕ್ಕಬೆಟ್ಟದ ಶಾಸನ ಬಸದಿಯೇ ಒಳ್ಳೆಯ ಸಾಕ್ಷಿ ಎನ್ನುವುದು ನನ್ನ ವಾದ.

ಆ ಬಸದಿಯ ಬಾಗಿಲಲ್ಲಿರುವ ಶಾಸನ 1118ರ ಸುಮಾರಿನ ಕಣ್ಣೆಗಾಲದ ಕಾಳಗವನ್ನು ಹೇಳುತ್ತದೆ. ಚಾಲುಕ್ಯ ಚಕ್ರವರ್ತಿಯ ಸೈನ್ಯ ಹನ್ನೆರಡು ಸಾಮಂತರೊಡನೆ ಅಲ್ಲಿ ಬೀಡುಬಿಟ್ಟಿತ್ತು. ಗಂಗರಾಜ ರಾತ್ರಿಯಲ್ಲೇ ಮೇಲೆಬಿದ್ದು ಅದನ್ನು ಮುರಿದ. ಸಿಕ್ಕ ಸರಕು, ವಾಹನಗಳನ್ನು ಅರಸನಿಗೆ ಒಪ್ಪಿಸಿದ. ಮೆಚ್ಚಿದ ವಿಷ್ಣುವರ್ಧನ ಬೇಕಾದ್ದನ್ನು ಕೇಳೆಂದಾಗ ಅವನು ಕೇಳಿದ್ದು ಪರಮವೆಂಬ ಒಂದು ಹಳ್ಳಿ. ಅದನ್ನೂ ತಾಯಿ, ಹೆಂಡತಿ ಕಟ್ಟಿಸಿದ್ದ ಬಸದಿಗಳಿಗೆ ಬಿಟ್ಟುಕೊಟ್ಟ. ಇದು ಒಂದೇ ಸಲದ ಉದಾರತೆಯಲ್ಲ. ಚೋಳರ ಸಾಮಂತ ಆದಿಯಮನನ್ನು ಸೋಲಿಸಿ ತಲಕಾಡನ್ನು ಗೆದ್ದುಕೊಟ್ಟಾಗಲೂ ಗೋವಿಂದವಾಡಿಯನ್ನು ಬೇಡಿ ಗೊಮ್ಮಟನ ಪೂಜೆಗೆ ಕೊಟ್ಟ. ಗೊಮ್ಮಟನ ಸುತ್ತಿನ ಸುತ್ತಾಲಯವೂ ಅವನದೇ. ವಿಗ್ರಹದ ಕಾಲ ಬಳಿ ಅದನ್ನು ಮಾಡಿಸಿದ ಚಾವುಂಡರಾಯನ ಹೆಸರಿನೊಡನೆ ಗಂಗರಾಜನ ಹೆಸರೂ ಕೆತ್ತಿರುವುದು ಅದಕ್ಕಾಗಿ.

ತಾನೇ ಬರೆಸಿದ ಶಾಸನದಲ್ಲಿ ಯಾರು ತನ್ನನ್ನು ಹೊಗಳಿಕೊಳ್ಳುವುದಿಲ್ಲ ಎಂದು ಕೇಳಬಹುದು. ಹೊಗಳಿಕೆಯ ಪದ್ಯಗಳನ್ನು ನಾನೂ ಅಕ್ಷರಶಃ ನಂಬುವುದಿಲ್ಲ. ಹನ್ನೆರಡು ಸಾಮಂತರ ಲೆಕ್ಕ ಹಿಗ್ಗಿದ್ದಿರಬಹುದು. ಆದರೆ ದತ್ತಿಯ ಭಾಗ ಬೇರೆ ಜಾತಿಯದು. ಅದು ಹಳ್ಳಿಯ ಹೆಸರು, ಎಲ್ಲೆ, ಪಡೆದವರನ್ನು ಹೇಳುವ ಹಕ್ಕುಪತ್ರ. ಅರಸನ ಕಣ್ಣೆದುರೇ ಸುಳ್ಳು ಬರೆಸುವುದು ಸುಲಭವಿರಲಿಲ್ಲ. ಅಹಿಂಸೆಯ ಧರ್ಮದವನಿಗೆ ಕತ್ತಿ ಹೇಗೆ ಒಪ್ಪಿತು ಎನ್ನುವ ಪ್ರಶ್ನೆ ಇನ್ನೂ ಗಟ್ಟಿ. ಜೈನಧರ್ಮ ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ ಎಂದು ಬೇರ್ಪಡಿಸಿ, ಎದುರಾದ ಶತ್ರುವನ್ನು ತಡೆಯುವ ಹಿಂಸೆಗೆ ಗೃಹಸ್ಥನಿಗೆ ಎಡೆಕೊಟ್ಟಿದೆ. ಆದರೂ ನಿದ್ದೆಯ ಹೊತ್ತಿನ ದಾಳಿಯನ್ನು ಅದು ಪೂರ್ತಿ ತೊಳೆಯದು. ಕಣ್ಣೆಗಾಲದಲ್ಲಿ ಸತ್ತ ಕಾಲಾಳುಗಳ ಹೆಸರು ಈ ಶಾಸನದಲ್ಲಿಲ್ಲ, ಅದು ನನ್ನನ್ನು ಕಾಡುತ್ತದೆ. ಅಷ್ಟಾಗಿಯೂ ಗೆಲುವಿನ ಫಲವನ್ನು ಸ್ವಂತಕ್ಕೆ ಉಳಿಸಿಕೊಳ್ಳದ ನಡತೆ ಅವನೊಂದಿಗೇ ಕೊನೆಗೊಳ್ಳಲಿಲ್ಲ. 1159ರಲ್ಲಿ ಭಂಡಾರಿ ಹುಳ್ಳ ಬೆಳಗೊಳದಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಬಸದಿ ಕಟ್ಟಿಸಿದಾಗ, ಆಗ ಅರಸನಾಗಿದ್ದ ಅದೇ ವಿಜಯನರಸಿಂಹ ಅದಕ್ಕೆ ಸವಣೇರು ಗ್ರಾಮವನ್ನು ದತ್ತಿ ಬಿಟ್ಟ.