ಶಬ್ದಕ್ಕೆ ಅಂಕೆ

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಉತ್ಪತ್ತಿಯನ್ನು ಹೇಳುವಾಗ, ಅದು ನಾಭಿಮೂಲದಿಂದ ಕಹಳೆಯಂತೆ ಹೊಮ್ಮುವುದೆಂದೂ ಅದರ ಬಣ್ಣ ಬಿಳಿದೆಂದೂ ನಿರೂಪಿಸಿದ್ದಾನೆ. ವೈಯಾಕರಣನು ಶಬ್ದಕ್ಕೆ ಬಣ್ಣವನ್ನು ಕೊಟ್ಟನು. ನಮ್ಮ ಕಾಲದ ಶಾಸನಕಾರರು ಅದಕ್ಕೆ ಅಂಕೆಯನ್ನು ಕೊಟ್ಟಿದ್ದಾರೆ. ಅಂಕೆಯೆಂಬ ಪದಕ್ಕೆ ಕನ್ನಡದಲ್ಲಿ ಸಂಖ್ಯೆಯೆಂದೂ ಹತೋಟಿಯೆಂದೂ ಎರಡರ್ಥಗಳುಂಟು. ಸಂಖ್ಯೆಯೇನೋ ದೊರೆತಿದೆ, ಹತೋಟಿ ದೊರೆತಿದೆಯೇ ಎಂಬುದೇ ಈ ಲೇಖನದ ವಿಚಾರ.

ಭಾರತದಲ್ಲಿ ಶಬ್ದವು ಮಾಲಿನ್ಯವೆಂಬ ಪಟ್ಟಿಗೆ ಸೇರಿದುದು ಈಚೆಗೆ. 1981ರ ವಾಯು ಕಾಯಿದೆಗೆ 1987ರಲ್ಲಿ ತಿದ್ದುಪಡಿಯಾದಾಗ ಶಬ್ದವೂ ವಾಯುಮಾಲಿನ್ಯಕಾರಕವೆನಿಸಿತು. 2000ದಲ್ಲಿ, 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ, ಶಬ್ದಮಾಲಿನ್ಯದ ನಿಯಮಗಳು ಜಾರಿಗೆ ಬಂದವು. ಅವುಗಳ ಪ್ರಕಾರ ಹಗಲು ಮತ್ತು ಇರುಳಿನ ಮಿತಿಗಳು ಕ್ರಮವಾಗಿ ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55, ವಾಸದ ಪ್ರದೇಶಕ್ಕೆ 55 ಮತ್ತು 45, ನಿಶ್ಶಬ್ದ ವಲಯಕ್ಕೆ 50 ಮತ್ತು 40. ಇರುಳೆಂದರೆ ರಾತ್ರಿ 10ರಿಂದ ಬೆಳಗಿನ 6ರ ವರೆಗೆ. ಡೆಸಿಬೆಲ್ಲಿನ ಲೆಕ್ಕ ಸಾಮಾನ್ಯ ಕೂಡುವ ಲೆಕ್ಕವಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಅಂಕೆ 10ರಷ್ಟು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಕಿವಿಗೆ ಅದು ಸರಿಸುಮಾರು ಇಮ್ಮಡಿಯಾಗಿ ಕೇಳುತ್ತದೆ. ಮಿತಿಯನ್ನು 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಮೀರಿದಾಗ, ಇಲ್ಲವೆ ರಾತ್ರಿಯ ನಿರ್ಬಂಧ ಮುರಿದಾಗ ಪ್ರಜೆಯು ದೂರು ಕೊಡಬಹುದೆಂದು ನಿಯಮ ಹೇಳುತ್ತದೆ. ಎಂದರೆ ಹಗಲಿನಲ್ಲಿ ಮಿತಿಗಿಂತ ಹತ್ತು ಪಟ್ಟು ಶಕ್ತಿಯ ಸದ್ದಾಗುವವರೆಗೂ ದೂರುವವನು ಕಾಯಬೇಕು. ಈ ಔದಾರ್ಯ ಯಾರ ಪರವಾಗಿದೆಯೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಪುತ್ತೂರು ತಾಲೂಕಿನ ಕೆದಂಬಾಡಿಯನ್ನು ನೋಡೋಣ. ಅಡಕೆಯ ತೋಟ, ರಬ್ಬರಿನ ಗುಡ್ಡ, ನಡುನಡುವೆ ಬಿಡಿಬಿಡಿಯಾಗಿ ಹಂಚಿನ ಮನೆಗಳು. ತಿಂಗಳಾಡಿಯಲ್ಲಿ ಒಂದಿಷ್ಟು ಅಂಗಡಿಗಳು. ಮೇಲೆ ಹೇಳಿದ ನಾಲ್ಕು ವರ್ಗಗಳಲ್ಲಿ ತೋಟವು ಯಾವುದಕ್ಕೆ ಸೇರಿತು? ಗ್ರಾಮವೆಂಬ ವರ್ಗವೇ ಪಟ್ಟಿಯಲ್ಲಿಲ್ಲ. ನಿಯಮವನ್ನು ಬರೆದವರ ಕಣ್ಣಮುಂದೆ ಇದ್ದುದು ನಗರ. ಅಳೆಯುವ ವ್ಯವಸ್ಥೆಯೂ ಹಾಗೆಯೇ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2011ರಲ್ಲಿ ನಿರಂತರ ಮಾಪನ ಕೇಂದ್ರಗಳನ್ನು ಆರಂಭಿಸಿದುದು ಬೆಂಗಳೂರು ಸೇರಿ ಏಳು ಮಹಾನಗರಗಳಲ್ಲಿ. ಹುಲ್ಲು ಕತ್ತರಿಸುವ ಯಂತ್ರ, ಮದ್ದು ಸಿಂಪಡಿಸುವ ಪಂಪು, ಕೆಂಪುಕಲ್ಲಿನ ಕೋರೆಯ ಗರಗಸ ಇವುಗಳ ಸದ್ದು ಹಳ್ಳಿಗರ ಕಿವಿಗೆ ದಿನವೂ ಬೀಳುತ್ತಿದ್ದರೂ ಯಾವ ಕಡತಕ್ಕೂ ಏರುವುದಿಲ್ಲ. ಅಭಿವೃದ್ಧಿಶೀಲ ದೇಶಗಳ ಶಬ್ದಶಾಸನದ ಮುಖ್ಯ ದೌರ್ಬಲ್ಯವಿದು: ಅಂಕೆಗಳು ಹೊರದೇಶಗಳ ಅಂಕೆಗಳಿಗೆ ಸಮೀಪವಾಗಿರುತ್ತವೆ, ಮಾಪಕ ಹಿಡಿದು ಬರುವವನು ಮಾತ್ರ ದೂರವಿರುತ್ತಾನೆ.

ಈ ಸೀಮೆಯಲ್ಲಿ ನಿಯಮವು ನಿಜವಾಗಿ ಮುಟ್ಟಿದುದು ಯಂತ್ರವನ್ನಲ್ಲ, ಚೆಂಡೆಯನ್ನು. ಮೊದಲಿಗೆ ರಾತ್ರಿಯ ನಿಷೇಧವಿದ್ದುದು ಧ್ವನಿವರ್ಧಕಕ್ಕೆ. 2010ರ ತಿದ್ದುಪಡಿಯಿಂದ ಸಂಗೀತವಾದ್ಯಗಳೂ ಅದರೊಳಗೆ ಬಂದವು. ಮುಚ್ಚಿದ ಸಭಾಂಗಣಗಳಿಗೆ ಮಾತ್ರ ವಿನಾಯಿತಿ. ಬಯಲಾಟವು ಹೆಸರೇ ಸಾರುವಂತೆ ಬಯಲಿನದು. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗಾಗಿ ರಾಜ್ಯ ಸರಕಾರವು ನಡುರಾತ್ರಿ 12ರ ವರೆಗೆ ಅನುಮತಿಸಬಹುದಾದರೂ ಅದು ವರುಷಕ್ಕೆ 15 ದಿನಗಳನ್ನು ಮೀರಬಾರದು. ಮೇಳಗಳ ತಿರುಗಾಟವಾದರೋ ಸುಮಾರು ಆರು ತಿಂಗಳು, ಚೌಕಿಯ ಪೂಜೆಯಿಂದ ಮಂಗಳದವರೆಗೆ ಒಂದು ಇರುಳು ಪೂರ್ತಿ. 2022ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರವು ಸರ್ವೋಚ್ಚ ನ್ಯಾಯಾಲಯದ 2005ರ ತೀರ್ಪನ್ನು ಉಲ್ಲೇಖಿಸಿ ಧ್ವನಿವರ್ಧಕಗಳ ಕುರಿತು ಸುತ್ತೋಲೆ ಹೊರಡಿಸಿತು. ಆ ವರುಷದ ನವೆಂಬರಿನ ತಿರುಗಾಟದಿಂದ ಕಟೀಲಿನ ಆರು ಮೇಳಗಳು ಇರುಳಿಡೀ ಆಡುವುದನ್ನು ಬಿಟ್ಟು ಕಾಲಮಿತಿಗೆ ಇಳಿದವು. ಹರಕೆ ಹೊತ್ತವರು ನೊಂದರು, ಪಾದಯಾತ್ರೆ ನಡೆಯಿತು, ವ್ಯಾಜ್ಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಶಬ್ದದ ಮಿತಿಯನ್ನು ಪಾಲಿಸಬೇಕೆಂಬ ನಿಬಂಧನೆಯೊಡನೆ 2024ರ ಜನವರಿಯಲ್ಲಿ ಇರುಳಿನ ಆಟ ಮರಳಿ ಆರಂಭವಾಯಿತು.

ಈ ಪ್ರಕರಣದಲ್ಲಿ ಎರಡೂ ಕಡೆ ನ್ಯಾಯವಿದೆ. ಗ್ಯಾಸ್‌ಲೈಟಿನ ಕಾಲದಲ್ಲಿ ಭಾಗವತರ ಕಂಠಕ್ಕೆ ಧ್ವನಿವರ್ಧಕದ ಹಂಗಿರಲಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುವುದರಿಂದ ಕೇಳಬಯಸುವವನೇ ರಂಗಸ್ಥಳದ ಹತ್ತಿರಕ್ಕೆ ಬರುತ್ತಿದ್ದನು. ಮರಕ್ಕೆ ಕಟ್ಟಿದ ತಗಡಿನ ಬಾಯಿಗಳು ಈ ಕ್ರಮವನ್ನು ತಲೆಕೆಳಗು ಮಾಡಿದವು. ಆಟವೇ ರೋಗಿಯ ಮಂಚದ ಬಳಿಗೂ ಪರೀಕ್ಷೆಗೆ ಓದುವ ಹುಡುಗನ ಚಾಪೆಯ ಬಳಿಗೂ ಹೋಯಿತು. ನನ್ನ ಎಣಿಕೆಯಲ್ಲಿ ಕತ್ತರಿಸಬೇಕಾದುದು ಈ ಬಾಯಿಗಳನ್ನು, ಪ್ರಸಂಗದ ಕೊನೆಯ ಪದ್ಯಗಳನ್ನಲ್ಲ. ಶಬ್ದಕ್ಕೆ ಅಂಕೆಯೆಂಬುದು ಪರದೇಶದಿಂದ ಬಂದ ಕಲ್ಪನೆಯೂ ಅಲ್ಲ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಸುಮಾರು ಮೇ 24ಕ್ಕೆ, ಪತ್ತನಾಜೆ. ಅಂದಿಗೆ ಜಾತ್ರೆ, ನೇಮ, ಆಟಗಳೆಲ್ಲ ಮುಗಿದು ಮಳೆಗಾಲವೆಲ್ಲ ಮೌನ. ಆಫ್ರಿಕದ ಘಾನಾ ದೇಶದ ಅಕ್ರಾ ನಗರದಲ್ಲಿಯೂ ಗಾ ಜನರು ಹೊಮೊವೊ ಹಬ್ಬಕ್ಕೆ ಮುನ್ನ ಒಂದು ತಿಂಗಳು ಡೋಲು ಬಾರಿಸುವುದನ್ನು ನಿಷೇಧಿಸುತ್ತಾರೆ. ಸಂಪ್ರದಾಯವು ಮಾಸವನ್ನು ಎಣಿಸುತ್ತದೆ, ಶಾಸನವು ಗಂಟೆಯನ್ನು. ಅವುಗಳ ನಡುವಣ ಸಂಧಿಗೆ ಇನ್ನೂ ಸೂತ್ರ ರಚಿತವಾಗಿಲ್ಲ.

ಶಾಲೆಗಳಿಗೆ ಸಂಬಂಧಿಸಿದ ಮಾತೊಂದು ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಸೂಚನೆಯಂತೆ ಪಾಠದ ವೇಳೆ ತರಗತಿಯೊಳಗಿನ ಹಿನ್ನೆಲೆಯ ಸದ್ದು 35 ಡೆಸಿಬೆಲ್ ಮೀರಬಾರದು. ಗುರುವಿನ ಮಾತು ಅದಕ್ಕಿಂತ 15ರಷ್ಟು ಮೇಲಿದ್ದರೆ ಮಕ್ಕಳಿಗೆ ಸ್ಪಷ್ಟವಾಗಿ ಕೇಳುತ್ತದೆ. ಅರೆತೆರೆದ ಕಿಟಕಿ ಸುಮಾರು 15 ಡೆಸಿಬೆಲ್ ತಡೆಯುವುದಾದರೆ, ಹೊರಗಿನ ಸದ್ದು ನಿಶ್ಶಬ್ದ ವಲಯದ 50ರೊಳಗೆ ನಿಂತಾಗ ಒಳಗೆ 35 ಉಳಿದೀತು. ಹೊರಗೆ ಪೇಟೆಯ 65 ಇದ್ದರೆ ಒಳಗೆ 50. ಆಗ ಕೊನೆಯ ಬೆಂಚಿಗೆ 65 ಮುಟ್ಟಿಸಲು ಅಧ್ಯಾಪಕನು ದಿನವಿಡೀ ಕೂಗಬೇಕಾಗುತ್ತದೆ. ಲಘು ಗುರುಗಳ ಭೇದವನ್ನು ಕೂಗಿ ಕಲಿಸಲಾಗದು.

ಶಾಲೆಯ ಸುತ್ತ 100 ಮೀಟರು ತಾನಾಗಿಯೇ ನಿಶ್ಶಬ್ದ ವಲಯವೆಂಬ ನಂಬಿಕೆ ಅನೇಕರಲ್ಲಿದೆ. 2017ರ ಆಗಸ್ಟಿನ ತಿದ್ದುಪಡಿಯಂತೆ, ರಾಜ್ಯ ಸರಕಾರವು ಅಧಿಸೂಚಿಸಿದ ಹೊರತು ಯಾವ ಪ್ರದೇಶವೂ ನಿಶ್ಶಬ್ದ ವಲಯವಾಗದು. ಆದುದರಿಂದ ಆಡಳಿತ ಮಂಡಳಿಗಳು ಮೊದಲು ತಮ್ಮ ಶಾಲೆ ಅಧಿಸೂಚನೆಯಲ್ಲಿದೆಯೇ ಎಂದು ವಿಚಾರಿಸಬೇಕು. ಇಲ್ಲವಾದರೆ ಜಿಲ್ಲಾಧಿಕಾರಿಗಳಿಗೆ ನಕ್ಷೆಯೊಡನೆ ಮನವಿ ಕೊಡಬೇಕು. 2022ರ ಸುತ್ತೋಲೆಯಂತೆ ಧ್ವನಿವರ್ಧಕದ ಅನುಮತಿಯನ್ನು ನಿರ್ಧರಿಸುವ ಸಮಿತಿಯಲ್ಲಿ, ಪೊಲೀಸ್ ಕಮಿಷನರೇಟುಗಳ ಹೊರಗೆ, ಪೊಲೀಸ್ ಉಪಾಧೀಕ್ಷಕರು, ತಹಸೀಲ್ದಾರರು ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ ಇರುತ್ತಾರೆ. ಪರೀಕ್ಷೆಯ ದಿನಗಳ ಪಟ್ಟಿಯನ್ನು ಜಾತ್ರೆಯ ಋತುವಿಗೆ ಮುನ್ನವೇ ಅವರ ಕೈಗೆ ಮುಟ್ಟಿಸುವುದಕ್ಕೆ ಒಂದು ಕಾಗದದ ಖರ್ಚು ಮಾತ್ರ.