ನಾಳೆಗೆಂದು ಎತ್ತಿಟ್ಟ ಕಾವ್ಯ

ಮಹಾಕಾವ್ಯಗಳಿಗೆ ಒಮ್ಮೊಮ್ಮೆ ಅವುಗಳ ಕೀರ್ತಿಯೇ ಅಡ್ಡಿಯಾಗುವುದುಂಟು. ಹೆಸರನ್ನು ಕೇಳಿ ಕೇಳಿ, ಓದದೆಯೇ ಓದಿದಷ್ಟು ಸಲಿಗೆ ನಮಗೆ ಬಂದುಬಿಡುತ್ತದೆ. ಕುಮಾರವ್ಯಾಸನ ಭಾರತವನ್ನು ಹೊಗಳದ ಕನ್ನಡಿಗರು ವಿರಳ. ಅದನ್ನು ಮೊದಲಿನಿಂದ ಕಡೆಯವರೆಗೆ ಓದಿದವರೂ ವಿರಳವೇ.

ಇದಕ್ಕೆ ನನಗೆ ತೋರುವ ಕಾರಣಗಳು ಎರಡು. ಮೊದಲನೆಯದು, ಕಥೆ ಗೊತ್ತಿದೆಯೆಂಬ ಭಾವನೆ. ಕಥೆ ವ್ಯಾಸರದು, ನಿಜ. ಆದರೆ ಅದೇ ಕಥೆಯಲ್ಲಿ ಹತ್ತನೆಯ ಶತಮಾನದ ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ. ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ. ಗದುಗಿನ ಕವಿಯಾದರೋ ತಾನು ಹೇಳುವುದು ಕೃಷ್ಣನ ಕಥೆಯೆಂದು ಆರಂಭದಲ್ಲಿಯೇ ಸಾರಿದ. ಕಥೆಯನ್ನು ಬಲ್ಲೆವೆಂದ ಮಾತ್ರಕ್ಕೆ ಕಾವ್ಯವನ್ನು ಬಲ್ಲೆವೆಂದಾಗದು.

ಎರಡನೆಯದು ಗಾತ್ರದ ಭಯ. ಹತ್ತು ಪರ್ವಗಳು, ಸುಮಾರು 150 ಸಂಧಿಗಳು, 8,000ದಷ್ಟು ಪದ್ಯಗಳು. ನಿವೃತ್ತಿಯಾಗಲಿ, ಮಕ್ಕಳ ಮದುವೆ ಮುಗಿಯಲಿ ಎಂದು ಮುಂದೂಡುತ್ತೇವೆ. ಆದರೆ ದಿನಕ್ಕೊಂದು ಸಂಧಿಯಂತೆ ಓದಿದರೆ ಐದೇ ತಿಂಗಳ ಕೆಲಸ! ಅದೂ ಭಾಮಿನಿ ಷಟ್ಪದಿ ಕಣ್ಣಿಗಿಂತ ಕಿವಿಗೆ ಹತ್ತಿರವಾದುದು. ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುತ್ತ, ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಉದ್ದಕ್ಕೆ ಹರಿದು, ಒಂದು ಗುರುವಿನ ಮೇಲೆ ನಿಲ್ಲುತ್ತವೆ. ಗಟ್ಟಿಯಾಗಿ ಓದಿದರೆ ಅರ್ಧ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಓದು ಬಾರದವರಿಗೂ ಈ ಕಾವ್ಯವನ್ನು ಗಮಕಿಗಳು ಮುಟ್ಟಿಸಿದ್ದು ಹೀಗೆಯೇ.

ತಡಮಾಡಿದರೆ ನಷ್ಟವೇನು? ನನ್ನ ಹಿರಿಯ ಸ್ನೇಹಿತರೊಬ್ಬರು ಅರವತ್ತು ದಾಟಿದ ಮೇಲೆ ಈ ಗ್ರಂಥವನ್ನು ಕೈಗೆತ್ತಿಕೊಂಡರು. ಅವರ ಬಾಲ್ಯದಲ್ಲಿ ತಂದೆಯವರು ಜಗಲಿಯ ಮೇಲೆ ಇದನ್ನೇ ವಾಚಿಸುತ್ತಿದ್ದರಂತೆ. ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುವ ಭಾಗ ಬಂದಾಗ ಅವರು ಪುಸ್ತಕವನ್ನು ಮಡಿಸಿ ಹೇಳಿದರು: “ಇಲ್ಲಿಗೆ ಬಂದಾಗ ಅಪ್ಪನ ದನಿ ಏಕೆ ನಡುಗುತ್ತಿತ್ತೆಂದು ಕೇಳಬೇಕೆನಿಸುತ್ತದೆ. ಕೇಳೋಣವೆಂದರೆ ಈಗ ಅಪ್ಪನಿಲ್ಲ.”

ತಡವಾಗಿ ಓದಿದವನಿಗೆ ಮೊದಲ ಓದು ಹೇಗೂ ದಕ್ಕುತ್ತದೆ. ತಪ್ಪಿಹೋಗುವುದು ಎರಡನೆಯ, ಮೂರನೆಯ ಓದು; ಜೊತೆಗೆ ಓದಿದುದನ್ನು ಹಂಚಿಕೊಳ್ಳಬಹುದಾಗಿದ್ದ ಜನ. ಇಪ್ಪತ್ತರಲ್ಲಿ ಕಾಣುವ ಕರ್ಣ ಒಬ್ಬ. ಮಕ್ಕಳ ತಂದೆಯಾದ ಮೇಲೆ ಕಾಣುವ ಕರ್ಣ ಇನ್ನೊಬ್ಬ. ಇಬ್ಬರನ್ನೂ ಕಂಡವನಿಗೆ ತಾನು ನಡೆದುಬಂದ ದೂರವೂ ಕಾಣುತ್ತದೆ.

ಆದರೂ ಹಳಹಳಿಸುತ್ತ ಕೂರುವುದು ಮುಂದೂಡುವುದರ ಇನ್ನೊಂದು ರೂಪವಷ್ಟೆ. ಇಡೀ ಗ್ರಂಥವನ್ನು ಮುಗಿಸಲೇಬೇಕೆಂಬ ಹಠವೂ ಬೇಡ. ಕುಮಾರವ್ಯಾಸನ ಭಾರತವೇ ಗದಾಪರ್ವಕ್ಕೆ ನಿಂತಿತು. ಉಳಿದ ಕಥೆಯನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ. ಇಂದು ರಾತ್ರಿ ಊಟವಾದ ಮೇಲೆ ಉದ್ಯೋಗಪರ್ವವನ್ನು ತೆರೆಯಿರಿ. ಹತ್ತು ಪದ್ಯಗಳು ಸಾಕು. ಮನೆಯ ಮಕ್ಕಳಿಗೆ ಕೇಳಿಸುವಂತೆ ಓದಿರಿ.